ನೂರು ಕೊಡ ನೀರು, ಚಿಟಿಕೆ ಕರೆಂಟು

ಹತ್ತು ಮೀಟರ್ ಆಳದ ಬಾವಿಯಿಂದ ಸಾವಿರ ಲೀಟರ್ ನೀರು ಮೇಲೆತ್ತಲು ಎಷ್ಟು ಶಕ್ತಿ ಬೇಕು? ಹೈಸ್ಕೂಲಿನ ಭೌತಶಾಸ್ತ್ರ ಸಾಕು: 98 ಸಾವಿರ ಜೂಲ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 0.03 ಯೂನಿಟ್ಟೂ ಆಗುವುದಿಲ್ಲ. ಪಂಪು ಅರ್ಧಕ್ಕಿಂತ ಹೆಚ್ಚು ಪೋಲು ಮಾಡಿದರೂ ಯೂನಿಟ್ಟಿನ ಹತ್ತನೇ ಒಂದು ಪಾಲಿನೊಳಗೆ ಕೆಲಸ ಮುಗಿಯುತ್ತದೆ. ಅದೇ ನೀರನ್ನು ಹಗ್ಗ ಹಿಡಿದು ಸೇದಿದರೆ ಹತ್ತು ಲೀಟರಿನ ನೂರು ಕೊಡ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ತಲೆಯ ಮೇಲಿನ ಸಿಂಬೆ ಒದ್ದೆಯಾಗಿ ಕತ್ತಿಗೆ ಇಳಿಯುತ್ತದೆ, ದಿನ ಕಳೆದುಹೋಗುತ್ತದೆ.

ಇಂಧನ ನೀತಿ ಅಂದರೆ ನಮಗೆ ನೆನಪಾಗುವುದು ಮೆಗಾವಾಟು, ಕಲ್ಲಿದ್ದಲು, ಅಣೆಕಟ್ಟು. ಮೀಟರಿನೊಳಗೆ ಹಾದದ್ದು ಮಾತ್ರ ಲೆಕ್ಕ. ಸ್ತ್ರೀವಾದಿ ಚಿಂತಕರು ಕೇಳಿದ್ದು ಬಹಳ ಸರಳವಾದ ಪ್ರಶ್ನೆ: ಮೀಟರಿನ ಆಚೆ ಯಾರ ಮೈ ದುಡಿಯುತ್ತಿದೆ? ಈ ಪ್ರಶ್ನೆಗೆ ಅಂಕಿಗಳ ಉತ್ತರ ಸಿಕ್ಕ ಜಾಗಗಳಲ್ಲಿ ನಮ್ಮ ತುಮಕೂರು ಜಿಲ್ಲೆಯೂ ಒಂದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗಳ ಕೆಲಸಕ್ಕೆ ತರಲೆಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಆ ದಶಕದ ಕೊನೆಯ ಹೊತ್ತಿಗೆ ಅವರ ತಂಡ ಕುಣಿಗಲ್ ಕಡೆಯ ಉಂಗ್ರ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸೌದೆ, ಸೀಮೆಎಣ್ಣೆ, ಎತ್ತಿನ ದುಡಿಮೆಯ ಜೊತೆಗೆ ಮನುಷ್ಯರ ದುಡಿಮೆಯನ್ನೂ ಇಂಧನವೆಂದೇ ಎಣಿಸಿತು. ಪುರ ಎಂಬ ಹಳ್ಳಿಯ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 89 ಸೌದೆಯದೇ, ವಿದ್ಯುತ್ತಿನದು ಶೇ. 1ರ ಆಸುಪಾಸು. ಸ್ತ್ರೀವಾದಿ ಸಂಶೋಧಕಿ ಶ್ರೀಲತಾ ಬಾಟ್ಲಿವಾಲಾ ಈ ಹಳ್ಳಿಗಳ ಅಂಕಿಗಳನ್ನು 1982ರಲ್ಲಿ ಮತ್ತೆ ಬಿಡಿಸಿ ನೋಡಿದರು. ಮನುಷ್ಯರ ದುಡಿಮೆಯಲ್ಲಿ ಹೆಂಗಸರ ಪಾಲು ಶೇ. 53, ಗಂಡಸರದು 31, ಮಕ್ಕಳದು 16. ಅವರು ಅಲ್ಲಿಗೆ ನಿಲ್ಲಲಿಲ್ಲ. ಹೆಣ್ಣುಮಕ್ಕಳ ಅಪೌಷ್ಟಿಕತೆಗೆ ತಟ್ಟೆಯಲ್ಲಿ ಕಡಿಮೆ ಬೀಳುವುದಷ್ಟೇ ಕಾರಣವಲ್ಲ, ಮೈಯಿಂದ ಹೆಚ್ಚು ಖರ್ಚಾಗುವುದೂ ಕಾರಣ ಎಂದರು. ಹಾಗಾದರೆ ಒಲೆ, ನಲ್ಲಿ, ಹಿಟ್ಟಿನ ಗಿರಣಿ ಇವೆಲ್ಲ ಊಟದಷ್ಟೇ ಮುಖ್ಯ. ನಲವತ್ತು ವರ್ಷದ ಮೇಲಾಯಿತು. ಇವತ್ತಿಗೂ ಈ ಮಾತು ನನಗೆ ಹೊಸದಾಗಿಯೇ ಕೇಳಿಸುತ್ತದೆ.

ಅದೇ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಮೂರು ಕಲ್ಲಿನ ಒಲೆಯಲ್ಲಿ ಉರಿ ನಾಲ್ಕೂ ಕಡೆ ಚೆಲ್ಲುತ್ತದೆ. ಸೌದೆಯ ಶಾಖದಲ್ಲಿ ಪಾತ್ರೆಗೆ ಮುಟ್ಟುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಗಾಳಿ ಸರಿಯಾಗಿ ಬೆರೆಯದೆ ಅರೆಬರೆ ಸುಟ್ಟದ್ದೇ ಹೊಗೆ. ಅಸ್ತ್ರ ಒಲೆಯಲ್ಲಿ ಉರಿಗೆ ಮುಚ್ಚಿದ ಗೂಡು, ಕೆಳಗೆ ಜಾಲರಿ. ಬಿಸಿಗಾಳಿ ಒಂದಾದ ಮೇಲೊಂದು ಮೂರು ಪಾತ್ರೆಗಳ ತಳ ಸವರಿಕೊಂಡು ಹೊಗೆಕೊಳವೆಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ದಕ್ಷತೆ ಶೇ. 40 ದಾಟಿತು.

ಆದರೆ ಅಡುಗೆಮನೆ ಪ್ರಯೋಗಾಲಯವಲ್ಲ. ಗೂಡಿನ ಬಾಯಿ ಚಿಕ್ಕದಾದರೆ ಸೌದೆಯನ್ನು ಸಣ್ಣಗೆ ಸೀಳಬೇಕು, ಸೀಳುವವರು ಯಾರು? ನಮ್ಮಜ್ಜಿ ಮುದ್ದೆ ಮಾಡುವಾಗ ಪಾತ್ರೆಗೆ ಕವೆಗೋಲು ಒತ್ತಿ, ಕಾಲಲ್ಲಿ ಅದನ್ನು ಅದುಮಿ ಹಿಡಿದು, ಎರಡೂ ಕೈಯಿಂದ ಮುದ್ದೆ ಕೋಲು ತಿರುವುತ್ತಿದ್ದಳು. ಆ ರಟ್ಟೆಯ ಬಲಕ್ಕೆ ಅಲ್ಲಾಡದ ಒಲೆ ಬೇಕು. ಗ್ಯಾಸ್ ಬಂದಮೇಲೂ ಮುದ್ದೆಗೆಂದು ಹಿತ್ತಲಲ್ಲಿ ಮಣ್ಣಿನೊಲೆ ಉಳಿಸಿಕೊಂಡ ಮನೆಗಳನ್ನು ಕಂಡು ‘ಹಳೇ ಕಾಲದವರು’ ಅನ್ನುವುದು ತಪ್ಪು. ಒಲೆಯ ನಕ್ಷೆ ಬರೆಯುವಾಗ ಅವರನ್ನು ಕೂರಿಸಿಕೊಂಡು ಕೇಳಬೇಕಿತ್ತು.

ಕೇಳದಿದ್ದರೆ ಆಗುವುದು ಸಣ್ಣ ನಷ್ಟವಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮಲ್ಲಿ 2016ರಿಂದ ಉಜ್ವಲಾ ಯೋಜನೆ ಗ್ಯಾಸ್ ಸಂಪರ್ಕವನ್ನು ಹೆಂಗಸರ ಹೆಸರಿಗೇ ಕೊಟ್ಟಿತು; ಒಳ್ಳೆಯ ಹೆಜ್ಜೆ. ಆದರೆ ಸಿಲಿಂಡರ್ ಖಾಲಿಯಾದಾಗ ಮತ್ತೆ ತುಂಬಿಸುವ ದುಡ್ಡು ಯಾರ ಜೇಬಿನಲ್ಲಿದೆ ಅನ್ನುವುದರ ಮೇಲೆ ಒಲೆ ಯಾವುದು ಉರಿಯುತ್ತದೆ ಎಂಬುದು ನಿಂತಿದೆ. ಪುರಳೆ ಆಯಲು ಕಾಸು ಬೇಡ, ಹೊತ್ತು ಸಾಕು. ಹೆಂಗಸರ ಹೊತ್ತಿಗೆ ಮನೆಯಲ್ಲಿ ಯಾರೂ ಬೆಲೆ ಕಟ್ಟಿಲ್ಲ.

ಅದೇ ತುಮಕೂರು ಜಿಲ್ಲೆಯ ಇನ್ನೊಂದು ತುದಿಗೆ ಬನ್ನಿ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಬರದ ನಾಡಿನ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು. ಭೂಮಿ ಕಿತ್ತುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು ಶೇ. 14ರಷ್ಟು ಮಾತ್ರ. ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಕೂಲಿ ಕಾಣುತ್ತಿದ್ದ ಭೂಮಿಯಿಲ್ಲದ ಹೆಂಗಸರಿಗೆ ಗಾಜಿನ ಫಲಕಗಳ ಕೆಳಗೆ ಆ ಕೆಲಸವಿಲ್ಲ, ಕುರಿ ಮೇಯಿಸಲು ಬೇಲಿಯೊಳಗೆ ದಾರಿಯಿಲ್ಲ.

ಉಂಗ್ರದಲ್ಲಿ ಮಾಡಿದಂಥ ಗಣತಿಯನ್ನು ಬೇಲಿ ಹಾಕುವ ಮೊದಲೇ ಮಾಡಬಹುದು: ಈ ಹೊಲದಲ್ಲಿ ವರ್ಷಕ್ಕೆ ಯಾರ ಎಷ್ಟು ದಿನದ ದುಡಿಮೆ ಇತ್ತು, ಯಾರ ಒಲೆಗೆ ಇಲ್ಲಿಂದ ಪುರಳೆ ಹೋಗುತ್ತಿತ್ತು, ಯಾರ ಕುರಿ ಇಲ್ಲಿ ಮೇಯುತ್ತಿತ್ತು. ಆಮೇಲೆ ಆ ಪಟ್ಟಿಯಲ್ಲಿರುವ ಹೆಂಗಸರಿಗೂ ಬಾಡಿಗೆಯಲ್ಲೊಂದು ಪಾಲು ಗೊತ್ತುಮಾಡಬಹುದು.