ಡಾಕ್ಟರೇ ಲೇಸರ್ ಕನ್ನಡಕ ಹಾಕುವುದಿಲ್ಲ, ನರ್ಸ್ ಯಾಕೆ ಹಾಕಬೇಕು?

ಪ್ರಶ್ನೆ: ನಾನು ಕಣ್ಣಾಸ್ಪತ್ರೆಯಲ್ಲಿ ಓಟಿ ನರ್ಸ್. ಈಗ ಲೇಸರ್ ರೂಮಿಗೂ ಡ್ಯೂಟಿ ಹಾಕುತ್ತಿದ್ದಾರೆ. ಅಲ್ಲಿ ಗೋಡೆಗೆ ಕಿತ್ತಳೆ ಬಣ್ಣದ ಒಂದು ಕನ್ನಡಕ ನೇತುಹಾಕಿದ್ದಾರೆ. ಡಾಕ್ಟರ್ ಅದನ್ನು ಮುಟ್ಟುವುದೂ ಇಲ್ಲ. ಲೇಸರ್ ಹೊಡೆಯುವವರೇ ಹಾಕದಿದ್ದಾಗ ಪಕ್ಕದಲ್ಲಿ ನಿಲ್ಲುವ ನನಗೆ ಯಾಕೆ? ಹಾಕಿದರೂ ಆ ಒಂದೇ ಕನ್ನಡಕ ಎಲ್ಲ ಲೇಸರ್‌ಗೂ ಆಗುತ್ತದಾ?

ಉತ್ತರ: ಮೊದಲು ಎರಡಕ್ಕೂ ನೇರ ಉತ್ತರ. ಡಾಕ್ಟರ ಕಣ್ಣಿಗೆ ರಕ್ಷಣೆ ಇದೆ, ಅದು ಮಶೀನಿನ ಒಳಗಿದೆ. ನಿಮ್ಮ ಕಣ್ಣಿಗೆ ಆ ರಕ್ಷಣೆ ಇಲ್ಲ. ಇನ್ನು ಒಂದು ಕನ್ನಡಕ ಎಲ್ಲ ಲೇಸರ್‌ಗೂ ಆಗುವುದಿಲ್ಲ. ತಪ್ಪು ಕನ್ನಡಕ ಹಾಕಿಕೊಳ್ಳುವುದೂ ಬರಿಗಣ್ಣಲ್ಲಿ ನಿಲ್ಲುವುದೂ ಹೆಚ್ಚುಕಮ್ಮಿ ಒಂದೇ.

ಸಕ್ಕರೆ ಕಾಯಿಲೆಯವರ ಅಕ್ಷಿಪಟಲಕ್ಕೆ (ಕಣ್ಣಿನ ಹಿಂಭಾಗದ ರೆಟಿನಾ ಪದರಕ್ಕೆ) ಹಾಕುವ ಹಸಿರು ಲೇಸರನ್ನೇ ತೆಗೆದುಕೊಳ್ಳಿ. ಡಾಕ್ಟರ್ ಸ್ಲಿಟ್ ಲ್ಯಾಂಪ್, ಅಂದರೆ ಕಣ್ಣು ನೋಡುವ ಮೈಕ್ರೋಸ್ಕೋಪ್ ಮೂಲಕ ನೋಡುತ್ತಾರೆ. ಆ ಲ್ಯಾಂಪಿನ ಐಪೀಸಿಗೆ ಬೆಳಕು ಬರುವ ದಾರಿಯಲ್ಲಿ ಒಂದು ಫಿಲ್ಟರ್ ಕೂರಿಸಿರುತ್ತಾರೆ. ಕೆಲವು ಮಶೀನುಗಳಲ್ಲಿ ಅದು ಯಾವಾಗಲೂ ಇರುತ್ತದೆ. ಕೆಲವದರಲ್ಲಿ ಪೆಡಲ್ ಒತ್ತಿದಾಗ ಅಡ್ಡ ಬಂದು ನಿಲ್ಲುತ್ತದೆ. ಕಣ್ಣೊಳಗಿಂದ ವಾಪಸ್ ಬರುವ ಹಸಿರು ಬೆಳಕು ಆ ಫಿಲ್ಟರ್ ದಾಟುವುದಿಲ್ಲ. ಡಾಕ್ಟರ್ ಐಪೀಸಿನಿಂದ ಕಣ್ಣು ತೆಗೆಯದಿರುವ ತನಕ ಅವರು ಸೇಫ್. ನೀವು ರೋಗಿಯ ಹಿಂದೆ ನಿಂತು ತಲೆಯನ್ನು ಪಟ್ಟಿಗೆ ಒತ್ತಿ ಹಿಡಿದಿರುತ್ತೀರಿ. ನಿಮ್ಮ ಕಣ್ಣಿನ ಮುಂದೆ ಏನೂ ಇಲ್ಲ.

ರೋಗಿಯ ಹಿಂದೆ ನಿಂತವರಿಗೆ ಬೆಳಕು ಎಲ್ಲಿಂದ ಬರಬೇಕು ಅನ್ನಿಸಬಹುದು. ತಲೆ ಹಿಡಿಯಲು ಬದಿಗೆ ಬಾಗುತ್ತೀರಿ, ಅಲ್ವಾ? ಡಾಕ್ಟರ್ ರೋಗಿಯ ಕಣ್ಣಿಗೆ ಇಟ್ಟಿರುವ ಕಾಂಟ್ಯಾಕ್ಟ್ ಲೆನ್ಸ್ ಕೂಡ ಗಾಜೇ. ವಿಶೇಷ ಲೇಪನ ಇಲ್ಲದ ಗಾಜು ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ವಾಪಸ್ ಎಸೆಯುತ್ತದೆ. 300 ಮಿಲಿವ್ಯಾಟ್ ಲೇಸರ್ ಹೊಡೆದರೆ 12 ಮಿಲಿವ್ಯಾಟ್ ರೂಮಿಗೆ ಬಂತು ಅಂತ ಲೆಕ್ಕ. ಥಟ್ಟನೆ ಕಣ್ಣು ಮುಚ್ಚಿಕೊಂಡರೆ ಸಾಕು ಎಂದು ಪರಿಗಣಿಸುವ ಲೇಸರ್ ಪಾಯಿಂಟರ್‌ನ ಮಿತಿ 1 ಮಿಲಿವ್ಯಾಟ್ ಮಾತ್ರ. ವಾಪಸ್ ಬಂದ ಬೆಳಕು ಹರಡುತ್ತಾ ಹೋಗುತ್ತದೆ, ದೂರ ಹೋದಷ್ಟೂ ಅದರ ಬಲ ಕಡಿಮೆ ಎನ್ನುವುದು ನಿಜ. ಆದರೆ ತಲೆ ಹಿಡಿಯುವ ನರ್ಸ್ ದೂರ ಇರುವುದಿಲ್ಲವಲ್ಲ.

ಈ ಬೆಳಕು ಕಣ್ಣಿಗೆ ಯಾಕೆ ಇಷ್ಟು ಅಪಾಯ ಅಂತ ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಬೆಳಕಿನ ಅಲೆಯ ಉದ್ದವನ್ನು ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ಸುಮಾರು 400ರಿಂದ 1400 ನ್ಯಾನೋಮೀಟರ್ ವರೆಗಿನ ಬೆಳಕು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಲೆನ್ಸ್ ದಾಟಿ ಅಕ್ಷಿಪಟಲದ ತನಕ ಹೋಗುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ತಂದು ಕಾಗದ ಸುಡುವ ಹಾಗೆ, ನಮ್ಮ ಕಣ್ಣೇ ಆ ಬೆಳಕನ್ನು ಒಂದು ಚುಕ್ಕೆಗೆ ತರುತ್ತದೆ. ಕಾರ್ನಿಯಾ ಮೇಲೆ ಬಿದ್ದ ಬೆಳಕಿನ ತೀವ್ರತೆ ಅಕ್ಷಿಪಟಲ ಮುಟ್ಟುವಾಗ ಒಂದು ಲಕ್ಷ ಪಟ್ಟಿನಷ್ಟು ಜಾಸ್ತಿ ಆಗಬಹುದು. ಹಾಗಾಗಿಯೇ ಕೈಗೆ ಬಿದ್ದರೆ ಗೊತ್ತೇ ಆಗದಷ್ಟು ಬೆಳಕು ಕಣ್ಣಿಗೆ ಬಿದ್ದರೆ ಸುಡುತ್ತದೆ.

ಹಸಿರು ಲೇಸರ್ 532 ನ್ಯಾನೋಮೀಟರ್. ಅದು ಕಾಣುತ್ತದೆ, ಹಾಗಾಗಿ ಕಾಲು ಸೆಕೆಂಡಿನೊಳಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಪೊರೆ ಆಪರೇಷನ್ ಆದ ಮೇಲೆ ಲೆನ್ಸಿನ ಹಿಂದೆ ಮಬ್ಬು ಕಟ್ಟಿದಾಗ ಬಳಸುವ ಯಾಗ್ ಲೇಸರ್ 1064 ನ್ಯಾನೋಮೀಟರ್. ಅದು ಕಾಣುವುದೇ ಇಲ್ಲ. ನೀವು ನೋಡುವ ಕೆಂಪು ಚುಕ್ಕೆ ಗುರಿ ಹಿಡಿಯಲು ಇಟ್ಟ ಬೇರೆ ಸಣ್ಣ ಬೆಳಕು. ನಿಜವಾದ ಲೇಸರ್ ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಬಂದು ಹೋಗಿರುತ್ತದೆ. ಕಣ್ಣು ಮುಚ್ಚಲು ಪುರುಸೊತ್ತೇ ಇಲ್ಲ. ಸುಟ್ಟರೂ ನೋವಾಗುವುದಿಲ್ಲ, ಯಾಕೆಂದರೆ ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ. ಯಾಗ್‌ನ ಬೆಳಕು ಒಂದು ಬಿಂದುವಿಗೆ ಬಂದು ಅಲ್ಲಿಂದ ಬೇಗ ಹರಡಿಬಿಡುವುದರಿಂದ ದೂರದಲ್ಲಿ ಅಪಾಯ ಕಡಿಮೆ. ಆದರೂ ಕಾಣದ ಬೆಳಕಿನ ಜೊತೆ ಅಂದಾಜಿನ ವ್ಯವಹಾರ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈಗ ನಿಮ್ಮ ಗೋಡೆಯ ಮೇಲಿನ ಕನ್ನಡಕಕ್ಕೆ ಬರೋಣ. ಅದರ ಬಣ್ಣ ನೋಡಬೇಡಿ, ಅದರ ಮೇಲೆ ಅಚ್ಚಾಗಿರುವ ಅಂಕಿ ಓದಿ. ಎರಡು ಸಂಗತಿ ಬರೆದಿರುತ್ತದೆ. ಒಂದು, ಯಾವ ನ್ಯಾನೋಮೀಟರ್ ಬೆಳಕಿಗೆ ಅದು ತಡೆ. ಇನ್ನೊಂದು, ಓಡಿ ಎಂಬ ಅಕ್ಷರಗಳ ಪಕ್ಕದ ಅಂಕಿ. ಅದು ಎಷ್ಟು ತಡೆಯುತ್ತದೆ ಎನ್ನುವುದರ ಅಳತೆ. ಓಡಿ ಒಂದೊಂದು ಏರಿದಾಗಲೂ ತಡೆ ಹತ್ತು ಪಟ್ಟು ಏರುತ್ತದೆ. ಓಡಿ 4 ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಓಡಿ 5 ಅಂದರೆ ಲಕ್ಷದಲ್ಲಿ ಒಂದು ಪಾಲು. ನಿಮ್ಮ ಮಶೀನಿಗೆ ಎಷ್ಟು ಓಡಿ ಬೇಕು ಅಂತ ಅದರ ಮ್ಯಾನುಯಲ್‌ನಲ್ಲೇ ಇರುತ್ತದೆ. ಕಿತ್ತಳೆ ಕನ್ನಡಕ ಸಾಮಾನ್ಯವಾಗಿ ಹಸಿರು ಲೇಸರಿಗೆ ಮಾಡಿದ್ದು. ಅದರ ಮೇಲೆ 1064 ಎಂದು ಕೂಡ ಬರೆದಿಲ್ಲ ಅಂದರೆ ಯಾಗ್ ಮಶೀನಿನ ಮುಂದೆ ಅದನ್ನು ನಂಬಬೇಡಿ.

ಎಷ್ಟೋ ಕಡೆ ಆಗುವುದು ಇದು: ಹಳೇ ಮಶೀನ್ ಹೋಗಿ ಹೊಸದು ಬಂದಿರುತ್ತದೆ, ಡ್ರಾಯರ್‌ನಲ್ಲಿ ಕನ್ನಡಕ ಮಾತ್ರ ಹಳೆಯದೇ ಉಳಿದಿರುತ್ತದೆ. ಮೊದಲಿದ್ದದ್ದು 810 ನ್ಯಾನೋಮೀಟರ್ ಡಯೋಡ್, ಈಗಿನದು 532. ಆ ಕನ್ನಡಕ ಈಗ ಹಸಿರು ಬೆಳಕನ್ನು ತಡೆಯುತ್ತದೆ ಅಂತ ಯಾರು ಹೇಳಿದರು? ಹೊಸ ಮಶೀನ್ ಬಂದ ದಿನವೇ ಅಂಕಿ ಹೊಂದಿಸಿ ನೋಡುವ ಕೆಲಸವನ್ನು ನರ್ಸಿಂಗ್ ಇನ್‌ಚಾರ್ಜ್ ತಮ್ಮ ಕೈಗೆ ತೆಗೆದುಕೊಳ್ಳಬೇಕು. ಆಳವಾದ ಗೀರು ಬಿದ್ದ, ಸೀಳಿದ, ಬಣ್ಣ ಹೋದ ಕನ್ನಡಕವನ್ನು ಎಸೆಯಲು ಹಿಂಜರಿಯಬೇಡಿ. ಕನ್ನಡಕ ಬಾಗಿಲ ಹೊರಗೆ ಇರಬೇಕು, ಲೇಸರ್ ಎಚ್ಚರಿಕೆಯ ಬೋರ್ಡಿನ ಪಕ್ಕದಲ್ಲೇ. ಒಳಗೆ ಹೋದ ಮೇಲೆ ಹುಡುಕುವ ಹಾಗಿದ್ದರೆ ಪ್ರಯೋಜನ ಇಲ್ಲ.

ನನಗೆ ಅತಿ ಹೆಚ್ಚು ಕಾಳಜಿ ಇರುವುದು ಎಳೆ ಕೂಸುಗಳ ಲೇಸರ್ ಬಗ್ಗೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳ ಸರಿಯಾಗಿ ಬೆಳೆಯದೆ ಕುರುಡುತನ ಬರಬಹುದು. ಅದಕ್ಕೆ ಆರ್‌ಓಪಿ ಎನ್ನುತ್ತೇವೆ. ನಮ್ಮ ಕರ್ನಾಟಕದಲ್ಲಿ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ಶುರು ಮಾಡಿದ ಕಿಡ್‌ರಾಪ್ ಯೋಜನೆಯಿಂದ ಜಿಲ್ಲೆಗಳ ಎನ್‌ಐಸಿಯುಗಳಲ್ಲೇ (ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲೇ) ಕೂಸುಗಳ ಕಣ್ಣಿನ ಫೋಟೋ ತೆಗೆದು, ದೂರದಿಂದಲೇ ನೋಡಿ ಪತ್ತೆ ಹಚ್ಚುವ ದಾರಿ ತೆರೆಯಿತು. ಇದು ತುಂಬಾ ದೊಡ್ಡ ಕೆಲಸ. ಆದರೆ ಆರ್‌ಓಪಿ ಲೇಸರ್ ಎಷ್ಟೋ ಸಲ ಓಟಿಯಲ್ಲಿ ಅಲ್ಲ, ಕೂಸನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದಲ್ಲೇ ನಡೆಯುತ್ತದೆ ಎನ್ನುವುದು ನೆನಪಿರಲಿ. ಅಲ್ಲಿ ಸುತ್ತ ಇರುವ ನರ್ಸ್‌ಗಳಿಗೆ ಲೇಸರ್ ಹೊಸದು.

ಇಲ್ಲಿ ಲೇಸರ್ ಡಾಕ್ಟರ ತಲೆಯ ಮೇಲಿನ ಪಟ್ಟಿಯಿಂದ ಬರುತ್ತದೆ. ಸ್ಲಿಟ್ ಲ್ಯಾಂಪಿನ ಹಾಗೆ ಒಂದೇ ಕಡೆ ನಿಂತಿರುವುದಿಲ್ಲ. ಡಾಕ್ಟರ್ ತಿರುಗಿದ ಕಡೆ ಬೆಳಕೂ ತಿರುಗುತ್ತದೆ. ಅವರ ಕೈಯಲ್ಲಿರುವ ಲೆನ್ಸ್, ವಾರ್ಮರ್‌ನ ಹೊಳೆಯುವ ಅಂಚು, ಇನ್‌ಕ್ಯುಬೇಟರ್ ಗೋಡೆ ಎಲ್ಲವೂ ಬೆಳಕನ್ನು ಎಸೆಯುತ್ತವೆ. ಡಾಕ್ಟರಿಗೆ ಪಟ್ಟಿಯಲ್ಲೇ ಫಿಲ್ಟರ್ ಇದೆ. ಕೂಸಿನ ತಲೆ ಹಿಡಿದ ನರ್ಸ್ ಬೆಳಕಿನ ದಾರಿಗೆ ಒಂದು ಗೇಣಿನಷ್ಟು ಹತ್ತಿರ ಇರುತ್ತಾರೆ. ಇಲ್ಲಿ ಕನ್ನಡಕ ಬಿಡುವ ಮಾತೇ ಇಲ್ಲ. ಕಿಟಕಿ ಗಾಜನ್ನೂ ಮುಚ್ಚಬೇಕು, ಯಾಕೆಂದರೆ 532 ಮತ್ತು 810 ಎರಡೂ ಗಾಜನ್ನು ದಾಟುತ್ತವೆ.

ಕನ್ನಡಕದಿಂದಲೇ ಬರುವ ಒಂದು ತೊಂದರೆ ಇದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಿತ್ತಳೆ ಗಾಜಿನ ಹಿಂದಿನಿಂದ ನೋಡಿದರೆ ಕೂಸಿನ ಬಣ್ಣ ತಿಳಿಯುವುದಿಲ್ಲ. ತುಟಿ ನೀಲಿ ಆಗುತ್ತಿದೆಯಾ ಅಂತ ಕಣ್ಣಿನಿಂದ ಅಳೆಯಲು ಆಗುವುದಿಲ್ಲ. ಮಾನಿಟರ್‌ನ ಹಸಿರು ಗೆರೆ ಮಸುಕಾಗುತ್ತದೆ. ಅದೇ ಹೊತ್ತಿಗೆ ಕಣ್ಣನ್ನು ಒತ್ತುವುದರಿಂದ ಕೂಸಿನ ಹೃದಯದ ಬಡಿತ ಇಳಿಯುವ ಸಾಧ್ಯತೆ ಇದೆ, ಉಸಿರು ನಿಲ್ಲುವ ಸಾಧ್ಯತೆಯೂ ಇದೆ. ಹಾಗಾಗಿ ಶುರು ಮಾಡುವ ಮೊದಲೇ ಪಲ್ಸ್ ಆಕ್ಸಿಮೀಟರ್‌ನ ಶಬ್ದ ಜಾಸ್ತಿ ಮಾಡಿ. ಅಲಾರಂ ಮಿತಿ ನೋಡಿಕೊಳ್ಳಿ. ತಲೆ ಹಿಡಿಯಲು ಒಬ್ಬರು, ಕೂಸನ್ನು ನೋಡಿಕೊಳ್ಳಲು ಇನ್ನೊಬ್ಬರು ಇರಲೇಬೇಕು. ಬಣ್ಣ ನೋಡಬೇಕಾದರೆ "ಸರ್, ಸ್ಟಾಪ್" ಅನ್ನಿ, ಮಶೀನ್ ಸ್ಟ್ಯಾಂಡ್‌ಬೈಗೆ (ಪೆಡಲ್ ಒತ್ತಿದರೂ ಲೇಸರ್ ಬರದ ಸ್ಥಿತಿಗೆ) ಹೋಗಲಿ, ಆಮೇಲೆ ಕನ್ನಡಕ ಎತ್ತಿ.

ಸ್ಟ್ಯಾಂಡ್‌ಬೈ ಬಟನ್ ಹೆಚ್ಚಾಗಿ ನರ್ಸ್ ಕೈಯಲ್ಲೇ ಇರುತ್ತದೆ. ಅದು ದೊಡ್ಡ ಜವಾಬ್ದಾರಿ. ಕಣ್ಣೊಳಗಿನ ಲೋಳೆಯಂಥ ದ್ರವ ತೆಗೆಯುವ ವಿಟ್ರೆಕ್ಟಮಿ ಆಪರೇಷನ್‌ನಲ್ಲಿ ಲೇಸರ್ ತೆಳ್ಳನೆಯ ಫೈಬರ್ ಮೂಲಕ ಕಣ್ಣೊಳಗೆ ಹೋಗುತ್ತದೆ. ತುದಿ ಒಳಗಿರುವಾಗ ಹೊರಗಿನವರಿಗೆ ಅಪಾಯ ಬಹಳ ಕಡಿಮೆ. ತುದಿ ಹೊರಗೆ ಬಂದಾಗ ಯಾರಾದರೂ ಪೆಡಲ್ ತುಳಿದರೆ? ಸರ್ಜನ್ ಕಾಲ ಕೆಳಗೆ ಒಂದಕ್ಕಿಂತ ಹೆಚ್ಚು ಪೆಡಲ್ ಇರುತ್ತವೆ, ಕತ್ತಲಲ್ಲಿ ಕಾಲು ತಪ್ಪುತ್ತದೆ. ಹಾಗಾಗಿ ಪ್ರೋಬ್ (ಆ ಫೈಬರ್ ಇರುವ ಹಿಡಿ) ಕೈಬದಲಾಗುವಾಗ ಮಶೀನ್ ಸ್ಟ್ಯಾಂಡ್‌ಬೈನಲ್ಲೇ ಇರಬೇಕು. ಸರ್ಜನ್ ಕೇಳಿದ ಮೇಲೆ "ಲೇಸರ್ ರೆಡಿ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಬದಲಾಯಿಸಿ. ಮೈಕ್ರೋಸ್ಕೋಪಿಗೆ ಫಿಲ್ಟರ್ ಹಾಕಿದ್ದಾರಾ, ಅಸಿಸ್ಟೆಂಟ್ ನೋಡುವ ಕೊಳವೆಗೂ ಇದೆಯಾ ಅಂತ ಮೊದಲೇ ಕೇಳಿ. ಸರ್ಜನ್ ಕೊಳವೆಗೆ ಇದ್ದು ಅಸಿಸ್ಟೆಂಟ್ ಕೊಳವೆಗೆ ಮರೆತರೆ ಅನುಭವಿಸುವವರು ಆ ಕೊಳವೆಯಲ್ಲಿ ನೋಡುವ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಡಾಕ್ಟರ್. ಟಿವಿ ಪರದೆಯಲ್ಲಿ ನೋಡುವುದಕ್ಕೆ ಏನೂ ಭಯ ಬೇಡ, ಅದು ಬರೀ ಚಿತ್ರ. ಕೆಲಸ ಮುಗಿದ ಮೇಲೆ ಕೀ ತೆಗೆದು ಬೀಗದಲ್ಲಿಡಿ. ಮಶೀನಿಗೇ ಕೀ ಬಿಟ್ಟು ಹೋಗಬೇಡಿ.

ಕನ್ನಡಕ ಬಿಡಿಸಲು ಕಾರ್ನಿಯಾವನ್ನು ಲೇಸರ್‌ನಿಂದ ಕೊರೆಯುವ ಲೇಸಿಕ್ ರೂಮಿನ ಕಥೆ ಬೇರೆ. ಅಲ್ಲಿನ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರ್‌ನ ನೇರಳಾತೀತ ಬೆಳಕು. ಅದು ಅಕ್ಷಿಪಟಲಕ್ಕೆ ಹೋಗುವುದೇ ಇಲ್ಲ, ಕಾರ್ನಿಯಾದ ಮೇಲ್ಪದರದಲ್ಲೇ ನಿಲ್ಲುತ್ತದೆ. ಗಾಜನ್ನೂ ದಾಟುವುದಿಲ್ಲ. ಈ ಬೆಳಕು ಸುತ್ತಲಿನ ಅಂಗಾಂಶವನ್ನು ಸುಡದೆ ನಯವಾಗಿ ಕೊರೆಯುತ್ತದೆ ಅಂತ 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಮದರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ನಮ್ಮ ಕಡೆಯ ವಿಜ್ಞಾನಿಯ ಕೆಲಸದಿಂದ ಇಷ್ಟು ಜನ ಕನ್ನಡಕ ಬಿಟ್ಟಿದ್ದಾರೆ ಅನ್ನುವುದು ನನಗೆ ಹೆಮ್ಮೆ. ಇಲ್ಲಿ ಕಣ್ಣಿಗಿಂತ ಗಾಳಿಯ ಬಗ್ಗೆ ಜಾಸ್ತಿ ಎಚ್ಚರ ಬೇಕು. ಕೂದಲು ಸುಟ್ಟ ಹಾಗೆ ವಾಸನೆ ಬರುವುದು ಕೊರೆದ ಕಾರ್ನಿಯಾದ ಸೂಕ್ಷ್ಮ ಕಣಗಳಿಂದ. ಸಕ್ಷನ್ ಕೆಲಸ ಮಾಡುತ್ತಿದೆಯಾ ನೋಡಿ, ಎನ್95 ಮಾಸ್ಕ್ ಹಾಕಿ. ಮಶೀನಿನಲ್ಲಿರುವ ಗ್ಯಾಸಿನಲ್ಲಿ ಫ್ಲೋರಿನ್ ಇರುತ್ತದೆ, ಅದು ವಿಷ. ಸೋರಿಕೆಯ ಅಲಾರಂ ಹೊಡೆದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ. ಪೇಷೆಂಟನ್ನು ಕರೆದುಕೊಂಡು ಹೊರಗೆ ಬನ್ನಿ. ಸೆಂಟ್ ಹಾಕಿಕೊಂಡು ಆ ರೂಮಿಗೆ ಹೋಗಬಾರದು, ಸ್ಪಿರಿಟ್ ಒರೆಸಿದ್ದು ಪೂರ್ತಿ ಆರಿರಬೇಕು. ಆ ಆವಿ 193ರ ಬೆಳಕನ್ನು ಹೀರುವುದರಿಂದ ಕೊರೆಯುವ ಲೆಕ್ಕವೇ ತಪ್ಪಬಹುದು.

ರೆಪ್ಪೆಯ ಮೇಲೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಬಳಸುವ ಕಡೆ ಬೆಂಕಿಯ ಭಯವೂ ಇದೆ. ಮೂಗಿನ ಹತ್ತಿರ ಆಕ್ಸಿಜನ್ ಇದ್ದರೆ ನಿಲ್ಲಿಸಲು ಅನಸ್ತೇಷಿಯಾದವರಿಗೆ ಹೇಳಿ. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಕೈಗೆಟಕುವಂತೆ ಇರಲಿ. ರೋಗಿಯ ಕಣ್ಣಿಗೆ ಲೋಹದ ಶೀಲ್ಡ್ ಹಾಕಬೇಕು, ಪ್ಲಾಸ್ಟಿಕ್‌ನದು ಕರಗುತ್ತದೆ.

ಯಾಗ್ ರೂಮಿನಲ್ಲಿ ರೋಗಿಯ ಕಡೆಯಿಂದ ಆಗುವ ಒಂದು ತಪ್ಪನ್ನೂ ಹೇಳಲೇಬೇಕು. ಹೊರಗೆ ಬೆಂಚಿನ ಮೇಲೆ ಎಲ್ಲರೂ "ಯಾಗ್‌ಗೆ ಬಂದವರು" ಅಂತ ಕೂತಿರುತ್ತಾರೆ. ಲೆನ್ಸಿನ ಹಿಂದಿನ ಮಬ್ಬು ತೆಗೆಯಲು ಬಂದವರಿಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್. ಗ್ಲಾಕೋಮಾ ತಡೆಯಲು ಐರಿಸ್‌ಗೆ ರಂಧ್ರ ಮಾಡಿಸಿಕೊಳ್ಳುವವರಿಗೆ ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್. ಇವು ಅದಲುಬದಲಾದರೆ ಲೇಸರನ್ನು ಮುಂದೂಡಬೇಕಾಗುತ್ತದೆ, ಅಷ್ಟೇ ಅಲ್ಲ. ಕಿರಿದಾದ ಕೋನದ ಕಣ್ಣಿಗೆ ಪಾಪೆ ಹಿಗ್ಗಿಸಿದರೆ ಒತ್ತಡ ಒಮ್ಮೆಲೇ ಏರಬಹುದು. ಕೇಸ್ ಶೀಟ್ ನೋಡದೆ ಡ್ರಾಪ್ಸ್ ಹಾಕಬೇಡಿ.

ಇಷ್ಟೆಲ್ಲ ಮಾಡಿಯೂ ಬೆಳಕು ಕಣ್ಣಿಗೆ ಬಿತ್ತು ಅನ್ನಿಸಿದರೆ ಮುಚ್ಚಿಡಬೇಡಿ. ಕಣ್ಣ ಮುಂದೆ ಚುಕ್ಕೆ ಉಳಿದರೆ, ನಡುವೆ ಕಪ್ಪು ಕಾಣಿಸಿದರೆ, ಗೆರೆ ಸೊಟ್ಟ ಕಂಡರೆ ಲೇಸರ್ ನಿಲ್ಲಿಸಲು ಹೇಳಿ. ಯಾವ ಮಶೀನ್, ಎಷ್ಟು ಪವರ್, ಎಷ್ಟು ಹೊತ್ತು ಅಂತ ಬರೆದಿಡಿ. ಅದೇ ದಿನ ರೆಟಿನಾ ಡಾಕ್ಟರಿಗೆ ತೋರಿಸಿ. ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಡಿ. ಲೇಸರ್ ಡ್ಯೂಟಿ ಶುರುವಾಗುವ ಮೊದಲೇ ಒಮ್ಮೆ ನಿಮ್ಮ ಕಣ್ಣನ್ನು ಪರೀಕ್ಷೆ ಮಾಡಿಸಿ ರೆಕಾರ್ಡ್ ಇಟ್ಟುಕೊಂಡಿದ್ದರೆ ಏನು ಹೊಸದು, ಏನು ಹಳೆಯದು ಅಂತ ಹೇಳುವುದು ಸುಲಭ.

ಗರ್ಭಿಣಿ ಇರುವಾಗ ಲೇಸರ್ ರೂಮಿಗೆ ಹೋಗಬಹುದಾ ಅಂತ ಅನೇಕ ಸಿಸ್ಟರ್‌ಗಳು ಕೇಳುತ್ತಾರೆ. ಹೋಗಬಹುದು. ಲೇಸರ್ ಎಕ್ಸ್‌ರೇ ಅಲ್ಲ. ಈ ಬೆಳಕು ಹೊಟ್ಟೆಯೊಳಗಿನ ಮಗುವಿನ ತನಕ ಹೋಗುವುದಿಲ್ಲ, ಲೆಡ್ ಏಪ್ರನ್ನೂ ಬೇಕಿಲ್ಲ. ಆದರೆ ಅದೇ ಲೇಸಿಕ್ ರೂಮಿನಲ್ಲಿ ಪಿಆರ್‌ಕೆ (ಕಾರ್ನಿಯಾದ ಮೇಲ್ಪದರ ತೆಗೆದು ಲೇಸರ್ ಹಾಕುವ ವಿಧಾನ) ಮಾಡುವಾಗ ಮೈಟೋಮೈಸಿನ್ ಎಂಬ ಔಷಧಿ ಬಳಸುತ್ತಾರೆ. ಗ್ಲಾಕೋಮಾ ಮತ್ತು ಟೆರಿಜಿಯಂ (ಕಣ್ಣಿನ ಬಿಳಿಭಾಗದಿಂದ ಕಾರ್ನಿಯಾ ಮೇಲೆ ಬೆಳೆಯುವ ಮಾಂಸ) ಆಪರೇಷನ್‌ನಲ್ಲೂ ಬಳಸುತ್ತಾರೆ. ಅದು ಕ್ಯಾನ್ಸರ್ ಔಷಧಿ. ಗರ್ಭಿಣಿಯರು, ಎದೆಹಾಲು ಕೊಡುವವರು ಅದನ್ನು ಬೆರೆಸುವ ಕೆಲಸ ಮಾಡಬಾರದು. ಆ ಕೇಸ್ ಇರುವ ದಿನ ಡ್ಯೂಟಿ ಬದಲಿಸಿಕೊಡಿ ಅಂತ ಇನ್‌ಚಾರ್ಜ್ ಹತ್ತಿರ ಕೇಳಿ, ಕೇಳುವ ಹಕ್ಕು ನಿಮಗಿದೆ. ಬೇರೆಯವರು ಮಾಡುವಾಗಲೂ ಎರಡು ಜೊತೆ ಗ್ಲೌಸ್ ಹಾಕಬೇಕು. ಅದು ತಾಗಿದ ಸ್ಪಾಂಜು, ಸಿರಿಂಜನ್ನು ಮಾಮೂಲಿ ಕಸಕ್ಕೆ ಹಾಕಬಾರದು. 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೈಟೋಟಾಕ್ಸಿಕ್ (ಜೀವಕೋಶಕ್ಕೆ ವಿಷ) ಎಂದು ಲೇಬಲ್ ಇರುವ ಹಳದಿ ಚೀಲ ಅಥವಾ ಡಬ್ಬಿಗೇ ಹೋಗಬೇಕು.