ಕ್ರ್ಯಾಂಕ್ ಪುಲ್ಲಿಯ ನಡುವೆ ಇರುವ ರಬ್ಬರ್

ಬೆಲ್ಟ್ ಕಿರುಗುಡುತ್ತದೆ ಅಂತ ನನ್ನ ಹತ್ತಿರ ಬರುವ ಹಳೇ ಕಾರುಗಳಲ್ಲಿ ಕೆಲವಕ್ಕೆ ಆಗಲೇ ಎರಡು ಸಲ ಬೆಲ್ಟ್ ಬದಲಾಗಿರುತ್ತದೆ. ಹೊಸ ಬೆಲ್ಟಿನ ಅಂಚೂ ನೂಲು ಬಿಟ್ಟಿರುತ್ತದೆ. ಆಗ ನಾನು ಇಂಜಿನ್ ಸ್ಟಾರ್ಟ್ ಮಾಡಿಸಿ, ದೂರದಿಂದಲೇ ಟಾರ್ಚ್ ಬಿಟ್ಟು ಬೆಲ್ಟನ್ನು ತಿರುಗಿಸುವ ಕೆಳಗಿನ ದೊಡ್ಡ ಪುಲ್ಲಿಯನ್ನು, ಅಂದರೆ ಕ್ರ್ಯಾಂಕ್ ಪುಲ್ಲಿಯನ್ನು ನೋಡುತ್ತೇನೆ. ಅದು ಓಲಾಡುತ್ತಿದ್ದರೆ ಬೆಲ್ಟಿನದ್ದೇನೂ ತಪ್ಪಿಲ್ಲ.

ಆ ಪುಲ್ಲಿ ನೋಡುವುದಕ್ಕೆ ಒಂದೇ ಕಬ್ಬಿಣದ ಚಕ್ರ. ಆದರೆ ಬಹಳಷ್ಟು ಕಾರುಗಳಲ್ಲಿ ಒಳಗೊಂದು ಹಬ್ (ನಡುವಿನ ಗುಂಭ), ಹೊರಗೊಂದು ಬಳೆ, ಎರಡರ ನಡುವೆ ರಬ್ಬರ್ ಇರುತ್ತದೆ. ಒಂದೊಂದು ಸಿಲಿಂಡರ್ ಉರಿದಾಗಲೂ ಈ ಪುಲ್ಲಿಯನ್ನು ಹೊತ್ತು ತಿರುಗುವ ಇಂಜಿನ್ನಿನ ಮುಖ್ಯ ದಂಡ, ಕ್ರ್ಯಾಂಕ್‌ಶಾಫ್ಟ್, ಚೂರೇ ಚೂರು ತಿರುಚಿಕೊಂಡು ವಾಪಸ್ ಬರುತ್ತದೆ. ಆ ನಡುಕವನ್ನು ನುಂಗುವುದು ಈ ರಬ್ಬರ್ ಮತ್ತು ಹೊರಬಳೆಯ ತೂಕ. ವರ್ಷಗಟ್ಟಲೆ ಬಿಸಿ ತಿಂದು ರಬ್ಬರ್ ಒಣಗಿ ಬಿರಿಯುತ್ತದೆ. ಪುಲ್ಲಿಯ ಹಿಂದೆ ಕ್ರ್ಯಾಂಕಿನ ಸುತ್ತ ಆಯಿಲ್ ತಡೆಯುವ ಸೀಲ್ ಸೋರುತ್ತಿದ್ದರೆ ಇನ್ನೂ ಬೇಗ.

ಅನುಮಾನ ಇದ್ದರೆ ಇಂಜಿನ್ ಆರಿಸಿ, ಹಬ್‌ನಿಂದ ಹೊರಬಳೆವರೆಗೆ ಬಿಳಿ ಪೇಂಟಿನಲ್ಲಿ ನೇರ ಗೆರೆ ಎಳೆಯಿರಿ. ನಾಲ್ಕು ದಿನ ಓಡಿಸಿ ನೋಡಿ. ಗೆರೆ ಎರಡು ತುಂಡಾಗಿದ್ದರೆ ಬಳೆ ಜಾರಿದೆ. ಟೈಮಿಂಗ್ (ಕ್ರ್ಯಾಂಕಿನ ತಿರುಗಾಟಕ್ಕೆ ಸ್ಪಾರ್ಕ್, ವಾಲ್ವ್‌ಗಳ ಹೊಂದಾಣಿಕೆ) ನೋಡುವ ಗುರುತು ಹೊರಬಳೆಯ ಮೇಲಿದ್ದರೆ ಅದೂ ಜೊತೆಗೇ ಜಾರಿರುತ್ತದೆ. ಆ ಗುರುತು ನಂಬಿಕೊಂಡು ಚೆನ್ನಾಗಿದ್ದ ಟೈಮಿಂಗನ್ನೇ ಕೆಡಿಸಿದವರಿದ್ದಾರೆ.

ಮನೆಯಲ್ಲೇ ಬದಲಾಯಿಸಬಹುದಾ? ಬದಲಾಯಿಸಬಹುದು. ಆದರೆ ಮೊದಲು ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಕೆಲವು ಇಂಜಿನ್‌ಗಳಲ್ಲಿ ಪುಲ್ಲಿಗೆ ಕೀ, ಅಂದರೆ ಅದು ಶಾಫ್ಟಿನ ಮೇಲೆ ಜಾರದ ಹಾಗೆ ಹಿಡಿಯುವ ಲೋಹದ ತುಂಡು, ಇರುವುದಿಲ್ಲ. ಒಳಗಿನ ಟೈಮಿಂಗ್ ಚೈನಿನ ಗೇರನ್ನೂ ಅದೇ ಬೋಲ್ಟ್ ಒತ್ತಿ ಹಿಡಿದಿರುತ್ತದೆ. ಅಂಥದ್ದರಲ್ಲಿ ಸುಮ್ನೆ ಬೋಲ್ಟ್ ಬಿಚ್ಚಿದರೆ ಟೈಮಿಂಗೇ ತಪ್ಪುತ್ತದೆ. ಅದಕ್ಕೆ ಲಾಕ್ ಮಾಡುವ ಟೂಲ್‌ಗಳು ಬೇಕು, ಮನೆ ಕೆಲಸ ಅಲ್ಲ.

ಉಳಿದ ಕಾರುಗಳಿಗೆ ಶುರು ಮಾಡಬಹುದು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಹಿಂದಿನ ಚಕ್ರಗಳಿಗೆ ಅಡೆ ಕೊಡಿ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಬಹಳಷ್ಟು ಕಾರುಗಳಲ್ಲಿ ಪುಲ್ಲಿ ಬದಿಯ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಪುಲ್ಲಿ ಎದುರಿಗೇ ಸಿಗುತ್ತದೆ. ಬೆಲ್ಟ್ ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ.

ಒದ್ದಾಟ ಶುರುವಾಗುವುದು ಪುಲ್ಲಿಯ ನಡುವಿನ ಬೋಲ್ಟಿನಲ್ಲಿ. ಚಕ್ರದ ನಟ್ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು ಟೈಟ್ ಇರುತ್ತದೆ. ಈ ಬೋಲ್ಟ್ ಕೆಲವು ಕಾರುಗಳಲ್ಲಿ 200 ದಾಟುತ್ತದೆ. ಕ್ರ್ಯಾಂಕ್ ತಿರುಗದ ಹಾಗೆ ಹಿಡಿಯಬೇಕು. ಮ್ಯಾನ್ಯುಯಲ್ ಗೇರಿನ ಕಾರಾದರೆ ಟಾಪ್ ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ ಕೂತರೆ ಎಷ್ಟೋ ಸಲ ಸಾಕಾಗುತ್ತದೆ. ಆಟೊಮ್ಯಾಟಿಕ್ಕಿಗೆ ಹೋಲ್ಡರ್ ಟೂಲ್ ಬೇಕು. ಬೋಲ್ಟಿಗೆ ಹಾಕಿದ ರಾಡನ್ನು ನೆಲಕ್ಕೆ ಆನಿಸಿ ಸೆಲ್ಫ್ ಹೊಡೆಯುವ ಉಪಾಯ ಒಂದಿದೆ. ಅದರಲ್ಲಿ ರಾಡ್ ಚಿಮ್ಮಿದರೆ ಕೈಯೋ ಹಲ್ಲೋ ಹೋಗುತ್ತದೆ. ನಾನಂತೂ ಮಾಡುವುದಿಲ್ಲ.

ಬೋಲ್ಟ್ ಬಂದರೂ ಪುಲ್ಲಿ ಬರದಿದ್ದರೆ ಕೊಕ್ಕೆಯ ಪುಲ್ಲರನ್ನು ಹೊರಬಳೆಗೆ ಸಿಕ್ಕಿಸಬೇಡಿ. ಕೆಲಸ ಕಲಿಯುವಾಗ ನಾನೇ ಹಾಗೆ ಮಾಡಿ, ಬಳೆ ಕೈಗೆ ಬಂದು ಹಬ್ ಅಲ್ಲೇ ಉಳಿದಿತ್ತು. ಎಳೆತ ಹಬ್‌ಗೇ ಬೀಳಬೇಕು. ಅದಕ್ಕಂತಲೇ ಎಷ್ಟೋ ಹಬ್‌ಗಳಲ್ಲಿ ಥ್ರೆಡ್ ಇರುವ ತೂತುಗಳಿರುತ್ತವೆ. ಸುತ್ತಿಗೆ ಏಟೂ ಬೇಡ, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದ ಹಾಗೆ ತಡೆಯುವ ಒಳಗಿನ ಥ್ರಸ್ಟ್ ಬೇರಿಂಗಿಗೆ ಪೆಟ್ಟು ಬೀಳುತ್ತದೆ.

ಪುಲ್ಲಿ ಬಂದ ಮೇಲೆ ಕ್ರ್ಯಾಂಕಿನ ಮೂತಿ ನೋಡಿ. ಬೋಲ್ಟ್ ಸಡಿಲವಾಗಿ ಬಹಳ ದಿನ ಓಡಿದ್ದರೆ ಕೀ ಕೂರುವ ಕಚ್ಚು ಅಗಲವಾಗಿರುತ್ತದೆ. ಹಾಗಾಗಿದ್ದರೆ ಹೊಸ ಪುಲ್ಲಿ ಹಾಕಿ ಪ್ರಯೋಜನವಿಲ್ಲ, ಮೊದಲು ಅದು ರಿಪೇರಿ ಆಗಬೇಕು. ಸೀಲ್ ಹೇಗೂ ಎದುರಿಗಿದೆ, ಒದ್ದೆ ಕಂಡರೆ ಈಗಲೇ ಬದಲಾಯಿಸಿ. ಸೀಲಿನ ತುಟಿಗೆ ಸ್ವಲ್ಪ ಆಯಿಲ್ ಸವರಿ, ಕೀ ಸಾಲಿಗೆ ಹೊಂದಿಸಿ ಹೊಸ ಪುಲ್ಲಿ ಕೂರಿಸಿ.

ಟೈಟ್ ಮಾಡುವಾಗ ಅಂದಾಜು ನಡೆಯುವುದಿಲ್ಲ, ಟಾರ್ಕ್ ರೆಂಚ್ ಬೇಕೇ ಬೇಕು. ಕೆಲವು ಮ್ಯಾನ್ಯುಯಲ್‌ಗಳು ಇಷ್ಟು ಟಾರ್ಕ್ ಕೊಟ್ಟು ಆಮೇಲೆ ಇನ್ನೂ 90 ಡಿಗ್ರಿ ತಿರುಗಿಸಿ ಅನ್ನುತ್ತವೆ. ಅಂಥ ಬೋಲ್ಟ್ ಸಾಮಾನ್ಯವಾಗಿ ಹಿಗ್ಗುವ ಜಾತಿಯದು, ಒಂದು ಸಲ ಬಿಚ್ಚಿದರೆ ಹೊಸದೇ ಹಾಕಬೇಕು.

ಬೆಲ್ಟ್ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿ, ಟಾರ್ಚ್ ಬಿಟ್ಟು ಇನ್ನೊಮ್ಮೆ ನೋಡಿ. ಓಲಾಟ ಇಲ್ಲ ತಾನೆ? ಆರಿಸಿ, ಕವರ್ ಮುಚ್ಚುವ ಮೊದಲು ಹೊಸ ಪುಲ್ಲಿಗೂ ಒಂದು ಬಿಳಿ ಗೆರೆ ಎಳೆದುಬಿಡಿ.