ಓದುಗರ ಪ್ರಶ್ನೆ: 584101 ಅವಿಭಾಜ್ಯ ಸಂಖ್ಯೆಯೇ?

ರಾಯಚೂರಿನಿಂದ ಓದುಗರೊಬ್ಬರು ಕೇಳಿದ್ದಾರೆ: "ಸರ್, ಎಫ್‌ಡಿಎ ಪರೀಕ್ಷೆಗೆ ಓದಾಕತ್ತೀನ್ರಿ. ನಮ್ಮೂರ ಪಿನ್ ಕೋಡ್ 584101 ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲೋ? ಕ್ಯಾಲ್ಕುಲೇಟರ್ ಮುಟ್ಟಲಾರದ ಹೆಂಗ ನೋಡಬೇಕ್ರಿ?"

ಅಲ್ಲ. 7ರಿಂದ ಭಾಗವಾಗುತ್ತದೆ. ಆರು ಅಂಕಿಗಳನ್ನು ಮಧ್ಯಕ್ಕೆ ಕಡಿಯಿರಿ: 584, 101. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 483. ಇದು 7ರ 69 ಪಟ್ಟು, ಅಲ್ಲಿಗೆ ಮುಗಿಯಿತು.

ಇದು ಹೇಗೆ ನಡೆಯುತ್ತದೆ ಅಂದರೆ, 7, 11, 13 ಈ ಮೂರನ್ನೂ ಗುಣಿಸಿದರೆ 1001 ಬರುತ್ತದೆ. 584101ನ್ನು 584×1001 − 483 ಎಂದು ಬರೆಯಬಹುದು. ಮೊದಲ ಭಾಗವನ್ನು ಈ ಮೂರೂ ಹೇಗಿದ್ದರೂ ಭಾಗಿಸುತ್ತವೆ, ಹಾಗಾಗಿ ಉಳಿದ 483ನ್ನು ನೋಡಿದರೆ ಸಾಕು. ಒಂದೇ ಕಳೆಯುವ ಲೆಕ್ಕದಲ್ಲಿ ಮೂರು ಪರೀಕ್ಷೆ! ಶಾಲೆಯಲ್ಲಿ 7ಕ್ಕೊಂದು, 13ಕ್ಕೊಂದು ಬೇರೆ ಬೇರೆ ನಿಯಮ ಬಾಯಿಪಾಠ ಮಾಡಿಸುವುದು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸಂಖ್ಯೆ ಮೊಬೈಲ್ ನಂಬರಿನಷ್ಟು ಉದ್ದವಿದ್ದರೆ ಬಲಗಡೆಯಿಂದ ಮೂರು ಮೂರು ಅಂಕಿ ಕಡಿದು, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಿ.

ಕೊಪ್ಪಳದ 583231ಕ್ಕೆ ಇದೇ ಮಾಡಿದರೆ 352 ಸಿಗುತ್ತದೆ, ಅಂದರೆ 11ರ 32 ಪಟ್ಟು. ಪೂರ್ತಿ ಬಿಡಿಸಿದರೆ 11×37×1433. ಬಳ್ಳಾರಿಯ 583101ಕ್ಕೆ ಇಷ್ಟೂ ಬೇಡ; ಅಂಕಿಗಳ ಮೊತ್ತ 18, ಆದ್ದರಿಂದ 9ರಿಂದ ಭಾಗವಾಗುತ್ತದೆ.

ರಾಯಚೂರಿಗೆ ವಾಪಸ್ ಬಂದರೆ, 7ರಿಂದ ಭಾಗಿಸಿದಾಗ ಭಾಗಲಬ್ಧ 83443. ಇದು ಅವಿಭಾಜ್ಯ. ಆದರೆ ಹಾಗೆಂದು ಸಾಧಿಸಲು ಸ್ವಲ್ಪ ಬೆವರು ಸುರಿಸಬೇಕು. 289ರ ವರ್ಗ 83521, ನಮ್ಮ ಸಂಖ್ಯೆಗಿಂತ ದೊಡ್ಡದು. ಹಾಗಾಗಿ 289ಕ್ಕಿಂತ ಚಿಕ್ಕ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವು 61. ಒಂದು ಮಧ್ಯಾಹ್ನದ ಕೆಲಸ.

ನೂರಾರು ಅಂಕಿಗಳ ಸಂಖ್ಯೆಗೆ ಈ ದಾರಿ ಕಂಪ್ಯೂಟರಿಗೂ ಆಗದು. ಅಲ್ಲಿ ನೆರವಿಗೆ ಬರುವುದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಕಂಡುಕೊಂಡ ಗುಣ: n ಒಂದು ಬೆಸ ಅವಿಭಾಜ್ಯವಾದರೆ, 2ರ n−1ನೇ ಘಾತವನ್ನು nನಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 91ನ್ನು ಹಿಡಿದು ನೋಡಿ. 2ರ 12ನೇ ಘಾತ 4096. 91ರಿಂದ ಭಾಗಿಸಿದರೆ ಶೇಷ 1. 84 ಅಂದರೆ 12ರ ಏಳು ಪಟ್ಟು, ಹಾಗಾದರೆ 84ನೇ ಘಾತಕ್ಕೂ ಶೇಷ 1. 90ಕ್ಕೆ ಇನ್ನು ಆರು ಬಾಕಿ, 2ರ 6ನೇ ಘಾತ 64. ಶೇಷ 64 ಬಂತು, 1 ಬರಲಿಲ್ಲ. 91 ಅವಿಭಾಜ್ಯವಲ್ಲ ಎಂದು ಗೊತ್ತಾಯಿತು, 7×13 ಎಂಬುದನ್ನು ಹುಡುಕದೆಯೇ.

ಉಲ್ಟಾ ಮಾತ್ರ ನಂಬಬೇಡಿ. 341 ಅಂದರೆ 11×31, ಆದರೂ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಯಾವ ಸಂಖ್ಯೆ ಕೊಟ್ಟರೂ ಎಡವದೆ, ಅಂಕಿಗಳು ಹೆಚ್ಚಿದರೂ ಲೆಕ್ಕ ಕೈಮೀರಿ ಬೆಳೆಯದಂತೆ ಉತ್ತರ ಕೊಡುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಹೌದೋ ಅಲ್ಲವೋ ಅಷ್ಟನ್ನೇ ಅದು ಹೇಳುತ್ತದೆ. ಅಲ್ಲ ಎಂದಾದರೆ ಅಪವರ್ತನಗಳನ್ನು ನಾವೇ ಹುಡುಕಿಕೊಳ್ಳಬೇಕು.